ಕೊನೆಯ ಪುಟದ ಹಿಂಬದಿ

ಭಾವ ಮಗಳು ಬಟಾಣಿಯನ್ನು ಕರೆದುಕೊಂಡು ಹೋದದ್ದು ಒಂದು ಭಾನುವಾರ ಬೆಳಿಗ್ಗೆ. "ಎರಡು ದಿನ ಅಜ್ಜಿ ಮನೇಲಿ ಇದ್ದು ಬರ್ತೀವಿ" ಎಂದು ಹೇಳಿ, ಮಗುವಿನ ಚೀಲವನ್ನು ಅಕ್ಕನ ಕೈಯಿಂದಲೇ ತುಂಬಿಸಿಕೊಂಡು ಹೋದ. ಬುಧವಾರ ಫೋನು ಬಂತು.

"ಮಗು ಇನ್ನು ಇಲ್ಲೇ ಇರತ್ತೆ. ನೀನು ನಿನ್ನ ಪಾಳಿ ನೋಡ್ಕೊಂಡು ಆರಾಮಾಗಿರು."

ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳು. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಗಂಡ ಹೆಂಡತಿಯ ಜಗಳವೆಲ್ಲ ಆ ರಾತ್ರಿ ಪಾಳಿಯದೇ. ರಾತ್ರಿ ಮನೆಯಲ್ಲಿರದ ತಾಯಿ ಎಂಥ ತಾಯಿ ಎಂದು ಭಾವ ಕೇಳುತ್ತಿದ್ದ. ಲಿಫ್ಟು ರಿಪೇರಿಗೆಂದು ತಾನು ವಾರಗಟ್ಟಲೆ ಊರೂರು ಸುತ್ತುವುದನ್ನು ಮಾತ್ರ ಅವನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅಕ್ಕನಿಗೆ ರಾತ್ರಿ ಪಾಳಿ ಇದ್ದಾಗ ಐದು ವರ್ಷದ ಬಟಾಣಿ ಮಲಗುತ್ತಿದ್ದದ್ದು ಅದೇ ಮನೆಯಲ್ಲಿದ್ದ ಅಕ್ಕನ ತಂಗಿ, ಚಿಕ್ಕಮ್ಮನ ಪಕ್ಕದಲ್ಲಿ. ಒಂದು ಕಾಲನ್ನು ಅವಳ ಹೊಟ್ಟೆಯ ಮೇಲೆ ಹಾಕಿ, ಕೈಯಲ್ಲಿ ಅವಳ ಜಡೆಯ ತುದಿ ಹಿಡಿದುಕೊಂಡು.

ಆ ಚಿಕ್ಕಮ್ಮನನ್ನು ಕೋರ್ಟಿನ ಸುತ್ತಮುತ್ತ ಎಲ್ಲರೂ ಸೂಜಿ ಎಂದು ಕರೆಯುತ್ತಿದ್ದರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಈಗ ಇಪ್ಪತ್ತೆರಡು. ಕೋರ್ಟಿನ ಗೇಟಿನ ಎದುರು ಟೈಪ್ ಮೇಷ್ಟ್ರ ಅಂಗಡಿಯಲ್ಲಿ ಅರ್ಜಿಗಳನ್ನು ಹೊಲಿಯುವುದು ಅವಳ ಕೆಲಸ. ಎಡ ಅಂಚಿನಲ್ಲಿ ಮೂರು ತೂತು, ಅದರೊಳಗೆ ದಾರ, ಕೊನೆಗೊಂದು ಗಂಟು. ಮಾತಾಡಿದರೆ ಎಲ್ಲಿ ನಾಲಿಗೆ ಬಿದ್ದುಹೋಗುತ್ತದೋ ಎನ್ನುವ ಹಾಗೆ ಇರುವವಳು. ಗಿರಾಕಿ ಬಂದರೆ ತಲೆ ಎತ್ತದೆ ಕೈ ಚಾಚುತ್ತಾಳೆ, ಕೆಲಸ ಮುಗಿಸಿ ತಲೆ ಎತ್ತದೆ ವಾಪಸು ಕೊಡುತ್ತಾಳೆ. ಆದರೆ ಕಣ್ಣು ಸುಮ್ಮನಿರುವುದಿಲ್ಲ. ಯಾವ ವಕೀಲನ ಬೂಟು ಸವೆದಿದೆ, ಯಾವ ಗುಮಾಸ್ತ ಇವತ್ತು ಮುಖ ಊದಿಸಿಕೊಂಡಿದ್ದಾನೆ, ಯಾರು ಗೇಟಿನ ಹೊರಗೆ ಅತ್ತು ಒಳಗೆ ಹೋಗುವಾಗ ಮುಖ ಒರೆಸಿಕೊಂಡರು, ಎಲ್ಲ ಅವಳಿಗೆ ಗೊತ್ತು.

ಅಜ್ಜಿಯ, ಅಂದರೆ ಭಾವನ ತಾಯಿಯ ಮನೆ ಇರುವುದು ಸೇತುವೆಯ ಆಚೆ ದಡದಲ್ಲಿ. ಈ ದಡಕ್ಕೆ ಒಂದು ಸರ್ಕಾರ, ಆ ದಡಕ್ಕೆ ಇನ್ನೊಂದು. ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಸೇತುವೆಯ ನಡುಮಧ್ಯೆ ಡಾಂಬರಿನ ಬಣ್ಣ ಬದಲಾಗುತ್ತದೆ, ದೀಪದ ಕಂಬದ ಆಕಾರ ಬದಲಾಗುತ್ತದೆ, ಅಷ್ಟೇ. ಆ ಬುಧವಾರವೇ ಅಕ್ಕ ತಂಗಿ ಇಬ್ಬರೂ ಓಡಿದರು. ಅಜ್ಜಿಯ ಮನೆಯ ಗೇಟಿಗೆ ಬೀಗ. ಒಳಗಿನಿಂದ ಬಟಾಣಿ ಕೂಗುವುದು ಕೇಳಿತು, ಅಕ್ಕ ಗೇಟು ಹತ್ತಲು ಹೋದಳು, ಯಾರೋ ಪೊಲೀಸರಿಗೆ ಫೋನು ಮಾಡಿದರು.

"ನೀವು ತಾಯಿ ಅಂತೀರಿ, ಅವರು ತಂದೆ ಅಂತಾರೆ. ಕೋರ್ಟ್ ಆರ್ಡರ್ ತನ್ನಿ. ಮಗು ಎತ್ಕೊಂಡು ಓಡಿದ್ರೆ ಕೇಸು ನಿಮ್ಮ ಮೇಲೇ ಬೀಳತ್ತೆ ನೋಡಿ" ಎಂದ ಆ ದಡದ ಪೊಲೀಸು.

ಈ ದಡದ ಠಾಣೆಗೆ ಬಂದರೆ ಅಲ್ಲಿನ ರೈಟರ್ ಪೆನ್ನಿನ ಮುಚ್ಚಳವನ್ನೇ ತೆಗೆಯಲಿಲ್ಲ. "ಮಗು ಎಲ್ಲಿದೆ? ಆ ಕಡೆ ಅಲ್ವಾ? ಸೇತುವೆ ಅರ್ಧ ದಾಟಿದ ಮೇಲೆ ನಮ್ಮ ಸರಹದ್ದಲ್ಲಮ್ಮ."

ಹೀಗಾಗಿ ಕೋರ್ಟು. ಟೈಪ್ ಮೇಷ್ಟ್ರೇ ಒಬ್ಬ ವಕೀಲೆಯನ್ನು ಹುಡುಕಿಕೊಟ್ಟರು. ಎರಡೂ ದಡದ ಕೋರ್ಟುಗಳಲ್ಲಿ ಓಡಾಡುವ, ಕನ್ನಡಕವನ್ನು ತಲೆಯ ಮೇಲೆ ಸಿಕ್ಕಿಸಿಕೊಂಡು ಮೇಜೆಲ್ಲ ಹುಡುಕುವ ಲಾಯರಮ್ಮ. ಭಾವ ಮಗುವನ್ನು ಕರೆದೊಯ್ದ ಹನ್ನೊಂದನೇ ದಿನ ಈ ದಡದ ಕೋರ್ಟಿಗೆ ಅರ್ಜಿ ಬಿತ್ತು. ಹೊಲಿದವಳು ಸೂಜಿಯೇ. ತನ್ನ ಜನ್ಮದಲ್ಲಿ ಅಷ್ಟು ನೇರವಾದ ಹೊಲಿಗೆ ಅವಳು ಹಾಕಿರಲಿಲ್ಲ.

ಮೊದಲ ತಾರೀಖಿಗೆ ನ್ಯಾಯಾಧೀಶರು ರಜೆ. ಎರಡನೆಯದಕ್ಕೆ ಭಾವನ ವಕೀಲ ಸಮಯ ಕೇಳಿದ. ಅಷ್ಟರಲ್ಲಿ ಎರಡು ತಿಂಗಳು. ಮೂರನೆಯ ತಾರೀಖಿಗೆ ಆ ವಕೀಲ ಎದ್ದು ನಿಂತು, "ಸ್ವಾಮಿ, ಮಗು ಸೇತುವೆಯ ಆಚೆ ಅಜ್ಜಿಯ ಮನೆಯಲ್ಲಿ ಖಾಯಂ ವಾಸವಾಗಿದೆ. ಅಲ್ಲಿಯ ಶಾಲೆಗೆ ಸೇರಿದೆ. ಕಾನೂನಿನ ಪ್ರಕಾರ ಮಗು ಎಲ್ಲಿ ಸಾಮಾನ್ಯವಾಗಿ ವಾಸ ಮಾಡುತ್ತದೋ ಅಲ್ಲಿಯ ಕೋರ್ಟಿಗೆ ಮಾತ್ರ ಈ ಅರ್ಜಿ ಕೇಳುವ ವ್ಯಾಪ್ತಿ" ಎಂದ. ಭಾವ ಹಾಗೆಂದು ಪ್ರಮಾಣ ಮಾಡಿ ಸಹಿ ಹಾಕಿದ ಕಾಗದವನ್ನೂ ಕೊಟ್ಟ. ನ್ಯಾಯಾಧೀಶರು ಗಡಿಯಾರ ನೋಡಿದರು. ಹೌದು, ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಅಲ್ಲಿಗೇ ಸಲ್ಲಿಸಿಕೊಳ್ಳಿ ಎಂದು ಅರ್ಜಿಯನ್ನು ವಾಪಸು ಮಾಡಿದರು. ಎಲ್ಲ ಸೇರಿ ನಾಲ್ಕು ನಿಮಿಷ.

ಅಕ್ಕ ಹೊರಗೆ ಬಂದು ಕಂಬಕ್ಕೆ ಒರಗಿದಳು. "ಅವನು ಕದ್ದುಕೊಂಡು ಹೋಗಿ ಇಟ್ಕೊಂಡ ಜಾಗ ಖಾಯಂ ವಾಸ ಹೇಗಾಗತ್ತೆ ಮೇಡಮ್? ನಾಳೆ ನಿಮ್ಮ ಗಾಡಿ ಕದ್ದು ನನ್ನ ಮನೆ ಮುಂದೆ ನಿಲ್ಲಿಸಿಕೊಂಡ್ರೆ ಅದು ನಂದಾಗತ್ತಾ?"

"ನಿಮ್ಮದು ನ್ಯಾಯಾನೋ ಅನ್ಯಾಯಾನೋ ಅನ್ನೋ ಮಾತಿಗೇ ಇನ್ನೂ ಯಾರೂ ಬಂದಿಲ್ಲಮ್ಮ" ಎಂದರು ಲಾಯರಮ್ಮ. "ಅದನ್ನ ಯಾರು ಕೇಳ್ಬೇಕು ಅನ್ನೋದೇ ಈಗಿನ ಪ್ರಶ್ನೆ."

"ಕೇಳೋಕೆ ಕಿವಿ ಇದ್ರೆ ಸಾಲ್ದಾ?"

ಲಾಯರಮ್ಮನ ಜೂನಿಯರ್, ಕೆಲಸಕ್ಕೆ ಸೇರಿ ಹದಿನೈದು ದಿನವೂ ಆಗದ ಹುಡುಗಿ, ವಾಪಸಾದ ಅರ್ಜಿಯನ್ನು ಅಂಗಡಿಗೆ ತಂದು ಸೂಜಿಯ ಮುಂದೆ ಹಾಕಿದಳು. "ಆಚೆ ಕೋರ್ಟಿಗೆ ಹಾಕ್ಬೇಕಂತೆ. ಚೆನ್ನಾಗಿ ಕಟ್ಟಿಕೊಡು. ಎರಡು ಗಂಟೆ ಬಸ್ಸಿಗೆ ಹೋಗ್ಬೇಕು."

ಸೂಜಿ ಕಡತವನ್ನು ತಿರುಗಿಸಿ ನೋಡಿದಳು. ಅಷ್ಟು ಪ್ರೀತಿಯಿಂದ ಹೊಲಿದ ಕಡತದ ದಾರ ಸಡಿಲಾಗಿತ್ತು. ಕೊನೆಯ ಪುಟದ ಹಿಂಬದಿಯಲ್ಲಿ ಮೊಹರಿನ ನೇರಳೆ ಮಸಿ ಅಂಟಂಟಾಗಿತ್ತು, ಅದರ ಮೇಲೆ ಯಾರದೋ ಹೆಬ್ಬೆರಳಿನ ಗುರುತು, ಯಾರದೋ ಕೋಳಿಕಾಲಿನ ಬರಹ. ತೂತಿನ ಹತ್ತಿರ ಕಾಗದ ಹರಿದಿತ್ತು. ಆಚೆ ದಡದ ಕೌಂಟರಿನವರು ಕೊಳಕು ಕಡತ ಕಂಡರೆ ಮೂಗು ಮುರಿಯುತ್ತಾರೆ, ಮಸಿ ಬಿದ್ದದ್ದನ್ನು ತೆಗೆದುಕೊಳ್ಳುವುದೇ ಇಲ್ಲ ಎಂದು ಮೇಷ್ಟ್ರು ಮೊದಲ ದಿನವೇ ಹೇಳಿಕೊಟ್ಟಿದ್ದರು. ಅದಕ್ಕೇ ಅವರ ಅಂಗಡಿಯಲ್ಲಿ ಒಂದು ಪದ್ಧತಿ. ಆಚೆ ಹೋಗುವ ಪ್ರತಿ ಕಡತಕ್ಕೂ "ಬೆನ್ನು ಹಾಕುವುದು". ಕೊನೆಯ ಪುಟದ ಹಿಂಬದಿಗೆ ತೆಳ್ಳಗೆ ಹಿಟ್ಟಿನ ಅಂಟು ಸವರಿ, ಮೇಲೆ ದಪ್ಪ ಕಂದು ಕಾಗದ ಅಂಟಿಸಿ, ಭಾರವಿಟ್ಟು ಒಣಗಿಸಿ ಹೊಲಿಯುವುದು.

ಸೂಜಿ ಅಕ್ಕನ ಅರ್ಜಿಗೆ ಬೆನ್ನು ಹಾಕಿದಳು. ಒಂದು ಗುಳ್ಳೆಯೂ ಏಳದ ಹಾಗೆ ಅಂಗೈಯಿಂದ ನೀವಿದಳು. ಜೂನಿಯರ್ ಹುಡುಗಿ ನೋಡಿ, "ಅಬ್ಬಾ, ಮದುವೆ ಕಾಗದದ ಹಾಗಿದೆ" ಎಂದಳು.

ಆಚೆ ಕೋರ್ಟಿನಲ್ಲಿ ಭಾವ ಬೇರೆ ವಕೀಲನನ್ನು ಹಿಡಿದ. ದಡ ಬೇರೆ, ವಕೀಲ ಬೇರೆ, ನಾಲಿಗೆಯೂ ಬೇರೆ. ಈ ವಕೀಲ ಎದ್ದು ನಿಂತು ಹೇಳಿದ್ದು: "ಮಗು ಹುಟ್ಟಿದ್ದು ಆ ಕಡೆ, ಲಸಿಕೆ ಕಾರ್ಡು ಆ ಕಡೆಯದು, ತಾಯಿಯ ಮನೆ ಆ ಕಡೆ. ಇಲ್ಲಿಗೆ ಅಜ್ಜಿಯನ್ನು ನೋಡಲು ಬಂದಿದೆ, ಅಷ್ಟೇ. ಇದು ಈ ಕೋರ್ಟಿನ ವ್ಯಾಪ್ತಿಗೆ ಬರುವುದಿಲ್ಲ." ಲಾಯರಮ್ಮ ಎದ್ದು, ಅಲ್ಲಿ ಆಗಲೇ ಹಾಕಿದ್ದೆವು, ಅವರೇ ಇಲ್ಲಿಗೆ ಕಳಿಸಿದರು ಎಂದರು. ಎಲ್ಲಿ ತೋರಿಸಿ ಎಂದರು ನ್ಯಾಯಾಧೀಶರು. ಲಾಯರಮ್ಮ ಕೊನೆಯ ಪುಟ ತಿರುಗಿಸಿದರೆ ಅಲ್ಲಿ ಕಂದು ಕಾಗದ. ತಲೆಯ ಮೇಲಿನ ಕನ್ನಡಕ ಇಳಿಸಿ ಮತ್ತೆ ನೋಡಿದರು. ವಾಪಸು ಮಾಡಿದ ಕಾರಣ ಬರೆದ ಷರಾ ಇರುವ ಹಾಳೆ ಆ ಕೋರ್ಟಿನಲ್ಲೇ ಉಳಿದಿರಬೇಕು, ನಕಲು ತರಿಸುತ್ತೇನೆ ಎಂದು ಬೇಡಿಕೊಂಡರು. ಈ ದಡದ ಕೋರ್ಟಿನ ನಕಲು ವಿಭಾಗದಲ್ಲಿ ಒಂದು ನಕಲಿಗೆ ಆರು ವಾರ. ಆಚೆ ನ್ಯಾಯಾಧೀಶರು ಅಷ್ಟು ಕಾಯಲಿಲ್ಲ. ತಾಯಿಯ ಮನೆ ಎಲ್ಲಿದೆಯೋ ಅಲ್ಲಿಗೇ ಹೋಗಿ ಎಂದು ಅವರೂ ವಾಪಸು ಮಾಡಿದರು.

ನಾಲ್ಕು ತಿಂಗಳು ದಾಟಿತ್ತು. ಅಕ್ಕ ತೆಳ್ಳಗಾಗಿದ್ದಳು. ಇಸ್ತ್ರಿಯ ಬಿಸಿಗೆ ಕೈ ತಾಗಿಸಿಕೊಂಡು ಮನೆಗೆ ಬರುವಳು, ಯಾವಾಗ ತಾಗಿತು ಎಂದರೆ ಗೊತ್ತಿಲ್ಲ ಎನ್ನುವಳು. ವಾರಕ್ಕೊಮ್ಮೆ ಫೋನಿನಲ್ಲಿ ಮಗುವಿನ ದನಿ ಕೇಳಿಸು ಎಂದು ಗೋಗರೆದರೆ ಭಾವ, "ಕೋರ್ಟಿಗೆ ಹೋಗಿದೀಯಲ್ಲ, ಅಲ್ಲೇ ಕೇಳ್ಕೋ" ಎಂದು ಇಟ್ಟುಬಿಡುತ್ತಿದ್ದ.

ಎರಡನೇ ಸಲ ವಾಪಸಾದ ಅರ್ಜಿಯನ್ನು ಹಿಡಿದು ಈ ದಡದ ಕೌಂಟರಿಗೆ ಹೋದದ್ದು ಸೂಜಿಯೇ. ಲಾಯರಮ್ಮ ಆಚೆ ಕೋರ್ಟಿನಲ್ಲಿದ್ದರು, ಜೂನಿಯರ್ ಹುಡುಗಿ ಕೆಲಸ ಬಿಟ್ಟಿದ್ದಳು. ಕೌಂಟರಿನ ಗುಮಾಸ್ತನಿಗೆ ಎಲ್ಲರೂ ಬೆನ್ನ ಹಿಂದೆ ವಾಪಸ್ಸಪ್ಪ ಎನ್ನುತ್ತಿದ್ದರು. ಬೆಣ್ಣೆಯಲ್ಲಿ ಕೂದಲು ಹುಡುಕಿ, ಕೂದಲು ಸಿಗದಿದ್ದರೆ ಬೆಣ್ಣೆಯನ್ನೇ ವಾಪಸು ಮಾಡುವ ಮನುಷ್ಯ.

"ಏನು ಸೂಜಿ, ನಿಮ್ಮಕ್ಕನ ಫೈಲು ಮತ್ತೆ ಬಂತಾ? ಬಸ್ ಪಾಸ್ ಮಾಡಿಸಿಬಿಡು ಇದಕ್ಕೆ" ಎಂದ. ಪಕ್ಕದ ಮೇಜಿನವರು ನಕ್ಕರು. ಅವನು ಕಡತ ತಿರುಗಿಸಿದ. "ಒಂದ್ಸಲ ಬೇಡ ಅಂತ ನಾವೇ ವಾಪಸ್ ಕೊಟ್ಟದ್ದು. ಮತ್ತೆ ತಗೊಳೋಕೆ ಇದೇನು ಅಂಗಡೀನಾ?" ಕೊನೆಯ ಪುಟಕ್ಕೆ ಬಂದವನು ಹುಬ್ಬು ಗಂಟಿಕ್ಕಿದ. "ಅಲ್ಲ, ಇಲ್ಲಿ ನಾನು ಷರಾ ಬರೆದಿದ್ದೆನಲ್ಲ? ಅರ್ಜಿ ಬಂದ ತಾರೀಖು, ವಾಪಸ್ ಹೋದ ತಾರೀಖು, ಯಾಕೆ ಅನ್ನೋ ಕಾರಣ, ಸಾಹೇಬ್ರ ಸಹಿ. ಎಲ್ಲಿ ಹೋಯ್ತು?"

ಸೂಜಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನೆನಪಾಯಿತು. ಆ ಕೋಳಿಕಾಲು, ಆ ನೇರಳೆ ಮಸಿ. ಅವಳು ಕಡತವನ್ನು ಕಿತ್ತುಕೊಂಡವಳಂತೆ ಎತ್ತಿಕೊಂಡು ಹೊರಗೆ ನಡೆದಳು.

ಅಂಗಡಿಯಲ್ಲಿ ಮೇಷ್ಟ್ರಿಗೆ ಹೇಳಿದಳು. ಮೇಷ್ಟ್ರ ಮುಖ ಬಿಳಿಚಿಕೊಂಡಿತು.

"ಕೋರ್ಟಿನ ಷರಾ ಮುಚ್ಚೋದು ಅಂದ್ರೆ ಕಡತ ತಿದ್ದಿದ ಹಾಗೆ ಕಣೇ. ಹೊರಗೆ ಬಾಯಿ ಬಿಡ್ಬೇಡ. ನಕಲು ಬರ್ಲಿ, ಬಂದ ಮೇಲೆ ನೋಡೋಣ."

"ನಕಲಿಗೆ ಇನ್ನೂ ಎಷ್ಟು ದಿನಾನೋ."

"ಬರತ್ತೆ. ನೀನು ಬಾಯಿ ಬಿಟ್ರೆ ಅಂಗಡಿಗೇ ಬೀಗ."

"ಬೆನ್ನು ಹಾಕೋಕೆ ಹೇಳಿಕೊಟ್ಟೋರು ನೀವು."

ಆರು ವರ್ಷದಲ್ಲಿ ಅವಳು ಅವರಿಗೆ ಎದುರಾಡಿದ್ದು ಅದೇ ಮೊದಲು.

ಅಕ್ಕನಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಸಂಜೆ ಅಕ್ಕ ಬಕೆಟ್ಟಿನ ಮುಂದೆ ಕೂತು ಸಮವಸ್ತ್ರ ತಿಕ್ಕುತ್ತಿದ್ದಳು. ಸೂಜಿ ಬಾಗಿಲ ಹತ್ತಿರ ನಿಂತೇ ಹೇಳಿ ಮುಗಿಸಿದಳು. ತಿಕ್ಕುವ ಸದ್ದು ನಿಂತಿತು.

"ಅದನ್ನ ಓದ್ಲಿಲ್ವಾ ನೀನು?"

"ಓದ್ಲಿಲ್ಲ. ಕೊಳೆ ಅಂದ್ಕೊಂಡೆ."

"ದಾರಿಲಿ ಹೋಗೋರ ಬೂಟಿನ ಲೇಸು ಬಿಚ್ಚಿದ್ದೂ ನಿನ್ನ ಕಣ್ಣಿಗೆ ಬೀಳತ್ತೆ. ಅಲ್ಲಿ ಏನು ಬರ್ದಿದೆ ಅಂತ ನೋಡೋಕೆ ಕಣ್ಣು ಬರ್ಲಿಲ್ವಾ?" ಅಕ್ಕ ಒದ್ದೆ ಬಟ್ಟೆಯನ್ನು ಗೋಡೆಗೆ ಬೀಸಿ ಒಗೆದಳು. ಅದು ಗೋಡೆಗೆ ಅಂಟಿ, ನಿಧಾನಕ್ಕೆ ಜಾರಿ ಬಿತ್ತು. "ಎರಡು ತಿಂಗಳು ಕಣೇ! ನಿನ್ನ ಚೆಂದದ ಅಂಟಿಗೆ ನನ್ನ ಮಗಳ ಎರಡು ತಿಂಗಳು!"

ಸೂಜಿ ಅಳಲಿಲ್ಲ. ಅತ್ತರೆ ಅಕ್ಕ ಸಮಾಧಾನ ಮಾಡಬೇಕಾಗುತ್ತದೆ, ಅದು ಅನ್ಯಾಯ ಎಂದು ಅವಳಿಗೆ ಅನಿಸಿತು. ಸ್ವಲ್ಪ ಹೊತ್ತಿಗೆ ಅಕ್ಕನೇ ಎದ್ದು ಬಟ್ಟೆ ಎತ್ತಿಕೊಂಡಳು.

"ಲಾಯರಮ್ಮಂಗೆ ಫೋನ್ ಮಾಡು. ನೀನೇ ಹೇಳು. ಕೋರ್ಟಲ್ಲೂ ನೀನೇ ಹೇಳ್ಬೇಕು. ನಿನ್ನ ಬದಲು ನಾನು ಹೇಳಲ್ಲ."

ಲಾಯರಮ್ಮ ಬೈಯಲಿಲ್ಲ. "ನೀನಾಗಿ ಬಿಡಿಸೋಕೆ ಹೋಗ್ಬೇಡ. ಕೈಯನ್ನೂ ಇಡ್ಬೇಡ. ಜಡ್ಜ್ ಎದುರಿಗೇ ಬಿಡಿಸ್ಬೇಕು" ಎಂದರು. ಆಮೇಲೆ, "ಕಡತ ತಿದ್ದಿದ್ದೀಯ ಅಂತ ನಿನ್ನ ಮೇಲೇ ತಿರುಗಬಹುದು. ಗೊತ್ತಿರ್ಲಿ" ಎಂದರು.

ಆಚೆ ಕೋರ್ಟಿನಲ್ಲಿ ಮರುಪರಿಶೀಲನೆಗೆ ತಾರೀಖು ಸಿಗುವ ಹೊತ್ತಿಗೆ ಬಟಾಣಿ ಹೋಗಿ ಐದು ತಿಂಗಳು ತುಂಬಿತ್ತು. ನಕಲು ಇನ್ನೂ ಬಂದಿರಲಿಲ್ಲ. ಅಂಗಡಿಯ ಮೊಂಡು ಬ್ಲೇಡು, ಒಂದು ಹತ್ತಿ ಬಟ್ಟೆ, ನೀರಿನ ಬಾಟಲಿ ಇಷ್ಟನ್ನು ಚೀಲದಲ್ಲಿಟ್ಟುಕೊಂಡು ಸೂಜಿ ಅಕ್ಕನ ಜೊತೆ ಬಸ್ಸು ಹತ್ತಿದಳು. ಬ್ಲೇಡನ್ನು ಗೇಟಿನಲ್ಲಿ ಪೊಲೀಸು ಕಿತ್ತಿಟ್ಟುಕೊಂಡ. ದಾರಿಯಲ್ಲಿ, ಬಸ್‌ಸ್ಟಾಪಿನಿಂದ ಕೋರ್ಟಿಗೆ ತಿರುಗುವ ಮೂಲೆಯಲ್ಲಿ, ಅವಳು ಒಂದು ಹಳದಿ ಕಾಂಪೌಂಡು ನೋಡಿದ್ದಳು. ಭಾವ ಮೊದಲ ಕೋರ್ಟಿಗೆ ಕೊಟ್ಟ ಕಾಗದದಲ್ಲಿದ್ದ ಶಾಲೆಯ ಹೆಸರೇ ಅದರ ಮೇಲಿತ್ತು. ಅಕ್ಕನಿಗೆ ತೋರಿಸಲಿಲ್ಲ. ತೋರಿಸಿದ್ದರೆ ಅಕ್ಕ ಕೋರ್ಟಿನವರೆಗೆ ಬರುತ್ತಿರಲಿಲ್ಲ.

ಕೋರ್ಟಿನ ಹಾಲು ಉದ್ದಕ್ಕಿತ್ತು. ಕುರ್ಚಿಗಳ ಕಾಲಿಗೆ ರಬ್ಬರು ಇಲ್ಲದೆ ಯಾರು ಎದ್ದರೂ ಕಿರ್ರೆನ್ನುತ್ತಿತ್ತು. ನ್ಯಾಯಾಧೀಶರು ವಯಸ್ಸಾದವರು, ಶೀತವಾಗಿತ್ತು. ಭಾವ ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕೂತಿದ್ದ. ಆ ಅಂಗಿಗೆ ಯಾರು ಇಸ್ತ್ರಿ ಹಾಕಿದರೋ, ಕಾಲರಿನ ತುದಿ ಸುಕ್ಕಾಗಿತ್ತು.

ಲಾಯರಮ್ಮ ವಿಷಯ ಹೇಳಿದರು. ಎದುರು ವಕೀಲ ಕುರ್ಚಿಯನ್ನು ಕಿರ್ರೆನಿಸಿ ಎದ್ದ.

"ಸ್ವಾಮಿ, ಅಂಟಿಸಿದ್ದಂತೆ, ಈಗ ಬಿಡಿಸ್ತಾರಂತೆ! ಒಳಗೆ ಏನನ್ನ ತುರುಕಿದಾರೋ ಯಾರಿಗೆ ಗೊತ್ತು? ಯಾರಿದು ಅಂಟಿಸಿದ್ದು?"

ಸೂಜಿ ಎದ್ದು ನಿಂತಳು. ಅವಳ ಕುರ್ಚಿಯೂ ಕಿರ್ರೆಂದಿತು. "ನಾನು."

"ಜೋರಾಗಿ ಹೇಳಮ್ಮ" ಎಂದರು ನ್ಯಾಯಾಧೀಶರು.

"ನಾನು ಸಾರ್. ಅಂಗಡೀಲಿ ಫೈಲು ಹೊಲೀತೀನಿ. ಮಸಿ ಆಗಿದ್ರೆ ನಿಮ್ಮ ಕೌಂಟರಲ್ಲಿ ತಗೊಳಲ್ಲ. ಅದಕ್ಕೆ ಬೆನ್ನು ಹಾಕ್ತೀವಿ. ಅಲ್ಲಿ ಕೋರ್ಟು ಬರೆದದ್ದು ಇತ್ತು ಅಂತ ನಂಗೆ ಗೊತ್ತಾಗ್ಲಿಲ್ಲ."

"ಎಷ್ಟು ಓದಿದೀಯ?" ಎದುರು ವಕೀಲ ಕೇಳಿದ, ನಗುತ್ತಾ.

"ನಿಮ್ಮಷ್ಟಿಲ್ಲ. ಅದಕ್ಕೇ ಒಂದೇ ಮಾತು ಬರತ್ತೆ ನಂಗೆ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಸೂಜಿಯ ಕಿವಿ ಕೆಂಪಾಯಿತು. ಆ ಮಾತು ತನ್ನ ಬಾಯಿಂದಲೇ ಬಂತೇ ಎಂದು ಅವಳಿಗೇ ಆಶ್ಚರ್ಯ.

ನ್ಯಾಯಾಧೀಶರು ಮೂಗು ಒರೆಸಿಕೊಂಡು, "ಬಾ, ಇಲ್ಲೇ ಬಿಡಿಸು" ಎಂದು ಬೆಂಚ್ ಗುಮಾಸ್ತನ ಮೇಜು ತೋರಿಸಿದರು. ಇಬ್ಬರು ವಕೀಲರೂ ಪಕ್ಕಕ್ಕೆ ಬಂದು ನಿಂತರು. ಸೂಜಿ ಹತ್ತಿ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಕಂದು ಕಾಗದದ ಮೇಲೆ ಹಾಸಿದಳು. ಹಿಟ್ಟಿನ ಅಂಟು ನೆನೆದರೆ ಬಿಡುತ್ತದೆ, ಅದು ಗೊತ್ತು. ಮೊಹರಿನ ಮಸಿ ಎಣ್ಣೆಯದು, ಅದು ಹರಡುವುದಿಲ್ಲ, ಅದೂ ಗೊತ್ತು. ಬರಹ ಯಾವ ಪೆನ್ನಿನದು ಎನ್ನುವುದು ಮಾತ್ರ ನೆನಪಿರಲಿಲ್ಲ. ಇಂಕಿನ ಪೆನ್ನಾಗಿದ್ದರೆ ಈಗ ಒಳಗೆ ನೀಲಿ ನೀರಾಗಿರುತ್ತದೆ. ಅವಳು ಬೆನ್ನು ಬಗ್ಗಿಸಿ, ಉಗುರಿನಿಂದ ಒಂದು ಮೂಲೆ ಎಬ್ಬಿಸಿದಳು. ಕಾಗದ ಎದ್ದಿತು, ನಿಂತಿತು, ಮತ್ತೆ ಎದ್ದಿತು.

ಮೊದಲು ಹೆಬ್ಬೆರಳಿನ ಗುರುತು ಕಂಡಿತು. ಆಮೇಲೆ ಮೊಹರು. ಆಮೇಲೆ ವಾಪಸ್ಸಪ್ಪನ ಕೋಳಿಕಾಲು, ಬಾಲ್ ಪೆನ್ನಿನದು, ಒಂದಕ್ಷರವೂ ಅಲುಗದೆ.

ನ್ಯಾಯಾಧೀಶರು ಕಡತವನ್ನು ಕಣ್ಣಿನ ಹತ್ತಿರ ಹಿಡಿದು ಗಟ್ಟಿಯಾಗಿ ಓದಿದರು. ಅರ್ಜಿ ಸಲ್ಲಿಕೆಯಾದ ತಾರೀಖು. ವಾಪಸಾದ ತಾರೀಖು. "ಕಾರಣ: ಮಗು ಸೇತುವೆಯ ಆಚೆ ಖಾಯಂ ವಾಸವಾಗಿದೆ ಎಂದು ತಂದೆಯೇ ಪ್ರಮಾಣ ಮಾಡಿ ಹೇಳಿರುವುದರಿಂದ." ಆ ಸಾಲನ್ನು ಇನ್ನೊಮ್ಮೆ ಓದಿದರು. ಆಮೇಲೆ ಭಾವನ ಕಡೆ ತಿರುಗಿದರು.

"ಆ ಕೋರ್ಟಲ್ಲಿ ಮಗು ಇಲ್ಲಿ ವಾಸ ಅಂದ್ರಿ. ಈ ಕೋರ್ಟಲ್ಲಿ ಮಗು ಅಲ್ಲಿ ವಾಸ ಅಂತೀರಿ. ಸೇತುವೆ ದಾಟುವಾಗ ಬಾಯಿ ಬದಲಾಯಿಸ್ತೀರಾ?"

ಭಾವ ವಕೀಲನ ಮುಖ ನೋಡಿದ. ವಕೀಲ ತನ್ನ ಕಾಗದ ನೋಡಿದ.

"ನಾನು ಈ ಅರ್ಜಿ ತಗೋತೀನಿ" ಎಂದರು ನ್ಯಾಯಾಧೀಶರು. "ಅವರು ಇಲ್ಲ ಅಂದು, ನಾನೂ ಇಲ್ಲ ಅಂದ್ರೆ ಈ ಮಗು ಯಾವ ಕೋರ್ಟಿಗೂ ಸೇರದ ಹಾಗಾಗತ್ತೆ. ಇಲ್ಲೇ ವಾಸ ಅಂತ ತಂದೆಯೇ ಪ್ರಮಾಣ ಮಾಡಿದ ಮೇಲೆ ವ್ಯಾಪ್ತಿಯ ಮಾತು ಮುಗೀತು." ಸೂಜಿಯ ಕಡೆ ನೋಡಿ, "ನಿನ್ನ ಅಂಗಡಿಯವರಿಗೆ ಹೇಳು, ಇನ್ನೊಂದ್ಸಲ ಷರಾ ಮುಚ್ಚಿದ್ರೆ ಸುಮ್ನಿರಲ್ಲ. ನಮ್ಮ ಕೌಂಟರಿಗೂ ನಾನು ಹೇಳ್ತೀನಿ" ಎಂದರು. ಆಮೇಲೆ ಡೈರಿ ತಿರುವುತ್ತಾ ಗುಮಾಸ್ತನಿಗೆ, "ಮಗುವನ್ನು ಹಾಜರುಪಡಿಸಲು… ಮುಂದಿನ ತಿಂಗಳು ಇಪ್ಪತ್ಮೂರು ಹಾಕ್ಕೊಳ್ಳಿ" ಎಂದರು.

ಲಾಯರಮ್ಮ ಏಳುವಷ್ಟರಲ್ಲಿ ಸೂಜಿ, ಮೇಜಿನ ಪಕ್ಕದಿಂದ ಇನ್ನೂ ಸರಿಯದೆ ಒದ್ದೆ ಬಟ್ಟೆ ಹಿಡಿದೇ ನಿಂತಿದ್ದವಳು, ಮಾತಾಡಿಬಿಟ್ಟಳು.

"ಯಾಕೆ ಸಾರ್ ಇಪ್ಪತ್ಮೂರು?"

"ಕೂತ್ಕೋಮ್ಮ" ಎಂದ ಗುಮಾಸ್ತ.

"ಕೂರಲ್ಲ. ಐದು ತಿಂಗಳಾಯ್ತು. ಆ ಕೋರ್ಟು ನಮ್ಮದಲ್ಲ ಅಂತು, ನೀವು ನಮ್ಮದಲ್ಲ ಅಂದ್ರಿ, ಪೊಲೀಸ್ರು ಅರ್ಧ ಸೇತುವೆ ಅಂದ್ರು. ಮಗು ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು, ಯಾರ ಮಗು ಅಂತಾನೂ ಗೊತ್ತು. ಕಾಗದ ಮಾತ್ರ ಆ ಕಡೆ ಈ ಕಡೆ ಓಡಾಡ್ತು. ಅದರಲ್ಲಿ ನಂದೂ ತಪ್ಪಿದೆ, ಬೇಕಾದ್ರೆ ನನ್ನ ಜೈಲಿಗೆ ಹಾಕಿ. ಆದ್ರೆ ಅವಳ ಶಾಲೆ ಇರೋದು ಈ ರಸ್ತೆ ಮೂಲೇಲಿ ಸಾರ್. ಹಳದಿ ಕಾಂಪೌಂಡು. ನಡೆದ್ರೆ ಹತ್ತು ನಿಮಿಷ. ಅಲ್ಲಿಂದ ಇಲ್ಲಿಗೆ ಬರೋಕೆ ಮುಂದಿನ ತಿಂಗಳು ಯಾಕೆ ಬೇಕು?"

ಅವಳ ದನಿ ಒಡೆದು ಕೊನೆಯ ಮಾತು ಕಿರುಚಿದಂತೆ ಹೊರಬಿತ್ತು. ಅಕ್ಕ ಅವಳನ್ನೇ ನೋಡುತ್ತಿದ್ದಳು, ಹಳದಿ ಕಾಂಪೌಂಡು ಎಂಬ ಮಾತಿಗೆ ಬಾಯಿ ತೆರೆದು. ಎದುರು ವಕೀಲ, "ಇದು ಕೋರ್ಟಿಗೆ ಅಗೌರವ" ಎಂದು ಎದ್ದ.

ನ್ಯಾಯಾಧೀಶರು ಅವನಿಗೆ ಕೂರುವಂತೆ ಕೈಸನ್ನೆ ಮಾಡಿದರು. ಡೈರಿಯನ್ನು ನೋಡಿದರು, ಗಡಿಯಾರ ನೋಡಿದರು. ಅವರ ಕಿವಿಯೂ ಸ್ವಲ್ಪ ಕೆಂಪಾಗಿತ್ತು, ಶೀತಕ್ಕೋ ಏನೋ.

"ಇವತ್ತು ಮೂರು ಗಂಟೆಗೆ" ಎಂದರು. "ತಂದೆ ಹೋಗಿ ಕರ್ಕೊಂಡು ಬರ್ಲಿ, ಕೋರ್ಟಿನ ಸಿಬ್ಬಂದಿ ಒಬ್ಬರು ಜೊತೆಗೆ ಹೋಗಲಿ."

ಮೂರಕ್ಕೆ ಹತ್ತು ನಿಮಿಷ ಇರುವಾಗಲೇ ಬಟಾಣಿ ಬಂದಳು. ಸುದ್ದಿ ಕೇಳಿ ಶಾಲೆಗೆ ಓಡಿ ಬಂದಿದ್ದ ಅಜ್ಜಿಯ ಕೈ ಹಿಡಿದುಕೊಂಡು, ಸೂಜಿ ಎಂದೂ ನೋಡಿರದ ನೀಲಿ ಸಮವಸ್ತ್ರದಲ್ಲಿ. ಮುಂದಿನ ಒಂದು ಹಲ್ಲು ಬಿದ್ದಿತ್ತು. ನ್ಯಾಯಾಧೀಶರು ಅವಳನ್ನು ತಮ್ಮ ಕೋಣೆಗೆ ಕರೆಸಿಕೊಂಡು ಒಂದಿಷ್ಟು ಹೊತ್ತು ಮಾತಾಡಿದರು. ಲಾಯರಮ್ಮ ಹೊರಗೆ ಬಂದು ಹೇಳಿದರು: ಕೇಸು ಮುಗಿಯುವ ತನಕ ಮಗು ತಾಯಿಯ ಹತ್ತಿರ, ಭಾನುವಾರ ತಂದೆ ನೋಡಬಹುದು, ಬರೆದಾಯಿತು, ಸಹಿಯೂ ಆಯಿತು. ಭಾವ ಯಾರ ಮುಖವನ್ನೂ ನೋಡದೆ ಮೆಟ್ಟಿಲು ಇಳಿದು ಹೋದ. ಅಜ್ಜಿ ಮಾತ್ರ ನಿಂತಿದ್ದಳು. "ಕಿತ್ತುಕೊಂಡ್ರಲ್ಲ, ನಿಮ್ಮ ಹೊಟ್ಟೆ ತಣ್ಣಗಾಯ್ತಾ?" ಎಂದು ಸೂಜಿಯ ಮುಖಕ್ಕೇ ಹೇಳಿ, ಮಗುವಿನ ಶಾಲೆಯ ಚೀಲವನ್ನು ಬೆಂಚಿನ ಮೇಲಿಟ್ಟಳು. ಇಡುವಾಗ ಚೀಲದ ಜಿಪ್ಪು ಎಳೆದು ಸರಿಮಾಡಿದಳು.

ಸೂಜಿ ಆ ಜಿಪ್ಪನ್ನೇ ನೋಡಿದಳು.

ಅಕ್ಕ ನೆಲಕ್ಕೆ ಮೊಣಕಾಲೂರಿ ಕೂತಳು. ಕೈ ಚಾಚಿದಳು. ಬಟಾಣಿ ಬರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತು, ಬಿದ್ದ ಹಲ್ಲಿನ ಜಾಗಕ್ಕೆ ನಾಲಿಗೆ ಒತ್ತಿಕೊಂಡು ಇಬ್ಬರನ್ನೂ ನೋಡಿದಳು.

"ಎರಡು ದಿನ ಅಂದಿದ್ರಿ" ಎಂದಳು.

"ಹೌದು ಕಂದ."

"ನೀನ್ಯಾಕೆ ಬರ್ಲಿಲ್ಲ?"

ಅಕ್ಕ ಲಾಯರಮ್ಮನ ಕಡೆ ನೋಡಿದಳು. ಲಾಯರಮ್ಮ ತಲೆಯ ಮೇಲಿನ ಕನ್ನಡಕ ತೆಗೆದು ಒರೆಸತೊಡಗಿದರು.

"ಬಂದಿದ್ದೆ. ದಾರಿ ಬಿಡ್ಲಿಲ್ಲ."

"ಯಾರು ಬಿಡ್ಲಿಲ್ಲ?"

ಸೂಜಿ ಮುಂದೆ ಬಂದಳು. ವ್ಯಾಪ್ತಿ, ಸರಹದ್ದು, ಷರಾ, ಖಾಯಂ ವಾಸ ಎಂದು ಐದು ತಿಂಗಳಿಂದ ಕಿವಿಗೆ ಬಿದ್ದ ಮಾತುಗಳಲ್ಲಿ ಒಂದಾದರೂ ಈ ಮಗುವಿಗೆ ಹೇಳುವಂಥದ್ದು ಇದೆಯೇ ಎಂದು ಹುಡುಕಿದಳು. ಸಿಗಲಿಲ್ಲ.

"ತುಂಬಾ ಜನ ಬಟಾಣಿ. ನಿಮ್ಮಪ್ಪ, ಕೋರ್ಟಿನವರು, ಪೊಲೀಸ್ರು. ನಾನೂ ಒಂದು ತಪ್ಪು ಮಾಡಿದೆ."

ಬಟಾಣಿ ಗೋಡೆ ಬಿಟ್ಟು ಬಂದಳು. ಮುಷ್ಟಿ ಕಟ್ಟಿ ಚಿಕ್ಕಮ್ಮನ ತೊಡೆಗೆ ಗುದ್ದಿದಳು. ಇನ್ನೊಂದು. ಮತ್ತೊಂದು. ತುಟಿ ಕಚ್ಚಿಕೊಂಡು, ಇರುವ ಬಲವನ್ನೆಲ್ಲ ಹಾಕಿ. ಜವಾನನೊಬ್ಬ "ಏ ಪುಟ್ಟಿ, ಹಾಗೆಲ್ಲ ಮಾಡಬಾರದು" ಎಂದ.

"ನೀವು ಸುಮ್ನಿರಿ" ಎಂದಳು ಸೂಜಿ. "ಹೊಡೀಲಿ."

ಕೈ ಸೋತ ಮೇಲೆ ಬಟಾಣಿ ಅಮ್ಮನ ಕಡೆ ತಿರುಗಿದಳು. ಅಕ್ಕ ಎತ್ತಿಕೊಂಡಳು. ಮಗು ಬೇಡ ಎನ್ನಲಿಲ್ಲ, ಕತ್ತಿಗೆ ಕೈಯನ್ನೂ ಹಾಕಲಿಲ್ಲ. ಮರದ ತುಂಡಿನ ಹಾಗೆ ಸೆಟೆದುಕೊಂಡೇ ಅಮ್ಮನ ಸೊಂಟದ ಮೇಲೆ ಕೂತಿತು. ಸೂಜಿ ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡಳು. ನಾಲ್ಕು ಗಂಟೆಯ ಬಸ್ಸು ಹೊರಡಲು ಇನ್ನೂ ಸಮಯವಿತ್ತು. ಆದರೂ ಮೂವರೂ ಅಲ್ಲಿ ಒಂದು ನಿಮಿಷವೂ ನಿಲ್ಲಲಿಲ್ಲ.